ಸಿಗಡಿ ಹೊಂಡಕ್ಕೆ ಸಮುದ್ರ ಎಷ್ಟು ದೂರ?

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಆಸುಪಾಸಿನಲ್ಲಿ ಗಜನಿ ಭೂಮಿ ಇದೆ. ಉಬ್ಬರದಲ್ಲಿ ಉಪ್ಪುನೀರು ನುಗ್ಗುವ, ಇಳಿತದಲ್ಲಿ ಬರಿದಾಗುವ ತಗ್ಗು ನೆಲ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಕೊಯ್ಲು ಮುಗಿದ ಮೇಲೆ ಕಟ್ಟೆಯ ಬಾಗಿಲು ತೆರೆದರೆ ಉಬ್ಬರದ ಜೊತೆ ಸಿಗಡಿ ಮರಿಯೂ ಮೀನು ಮರಿಯೂ ಒಳಬರುತ್ತವೆ. ಕಗ್ಗದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತದೆ. ಕೇರಳದ ಪೊಕ್ಕಾಳಿ, ಬಂಗಾಳದ ಭೇರಿ ಇದೇ ಕುಲದವು. ಬಾಗಿಲನ್ನು ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದಕ್ಕೆ ಊರಿನ ಕಟ್ಟಳೆಯೇ ಸಾಕಾಗಿತ್ತು. ದಿಲ್ಲಿಯ ಕಾನೂನು ಬೇಕಿರಲಿಲ್ಲ.

ದಿಲ್ಲಿಯಲ್ಲಿಯೂ ಅಂಥ ಕಾನೂನು ಇರಲಿಲ್ಲವೆನ್ನಿ. ಬ್ರಿಟಿಷರು 1897ರಲ್ಲಿ ಮಾಡಿದ ಮೀನುಗಾರಿಕೆ ಕಾಯ್ದೆಯ ಮುಖ್ಯ ಕಾಳಜಿ, ಹೊಳೆಗೆ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ತಡೆಯುವುದು. ಮೀನನ್ನು 'ಬೆಳೆಯುವ'ವರ ಚಿಂತೆ ಅದಕ್ಕಿರಲಿಲ್ಲ. ಸಂವಿಧಾನ ಬಂದಾಗ ಮೀನುಗಾರಿಕೆ ರಾಜ್ಯಗಳ ಪಟ್ಟಿಗೆ ಸೇರಿತು. ರಾಷ್ಟ್ರದ ಜಲಗಡಿಯಾಚೆಯ ಸಮುದ್ರ ಮಾತ್ರ ಕೇಂದ್ರದ ಪಾಲಿಗೆ ಹೋಯಿತು.

ಪರಿಸ್ಥಿತಿ ಕೆಟ್ಟದ್ದು 1990ರ ದಶಕದ ಆರಂಭದಲ್ಲಿ. ಹೊರದೇಶಗಳ ಮಾರುಕಟ್ಟೆಯಲ್ಲಿ ಹುಲಿ ಸಿಗಡಿಗೆ ಒಳ್ಳೆಯ ಬೆಲೆ ಇತ್ತು. ಆಂಧ್ರ, ತಮಿಳುನಾಡಿನ ಕರಾವಳಿಯಲ್ಲಿ ಕಂಪನಿಗಳು ಭತ್ತದ ಗದ್ದೆಗಳನ್ನು ಕೊಂಡು ಹೊಂಡ ತೋಡಿದವು. ಗಜನಿಯಂತೆ ಉಬ್ಬರಕ್ಕೆ ಕಾಯುವ ವ್ಯವಸಾಯವಲ್ಲ ಇದು. ಪಂಪಿನಿಂದ ಉಪ್ಪುನೀರು ಎತ್ತಬೇಕು, ಮರಿಗಳನ್ನು ಒತ್ತೊತ್ತಾಗಿ ಬಿಡಬೇಕು, ಚೀಲಗಟ್ಟಲೆ ಆಹಾರ ಸುರಿಯಬೇಕು, ರೋಗ ಬಾರದಂತೆ ಔಷಧಿ ಹಾಕಬೇಕು. ಹೊಂಡದ ಉಪ್ಪು ಜಿನುಗಿ ಪಕ್ಕದ ಗದ್ದೆಗೂ ಕುಡಿಯುವ ನೀರಿನ ಬಾವಿಗೂ ಇಳಿಯಿತು. ಕೊಳಕು ನೀರನ್ನು ತೋಡಿಗೆ ಬಿಟ್ಟರೆ, ಅದನ್ನೇ ನೆರೆಯ ಹೊಂಡದವನು ಪಂಪಿನಿಂದ ಎತ್ತಿಕೊಳ್ಳುತ್ತಿದ್ದ. 1994-95ರಲ್ಲಿ ಬಿಳಿಚುಕ್ಕೆ ರೋಗ ಪೂರ್ವ ಕರಾವಳಿಯಲ್ಲಿ ಹೊಂಡದಿಂದ ಹೊಂಡಕ್ಕೆ ಹರಡಿದ್ದರಲ್ಲಿ ಅಚ್ಚರಿಯೇನಿಲ್ಲ.

ಇದನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರು ತಮಿಳುನಾಡಿನ ಸರ್ವೋದಯ ಕಾರ್ಯಕರ್ತ ಎಸ್. ಜಗನ್ನಾಥನ್. ಪತ್ನಿ ಕೃಷ್ಣಮ್ಮಾಳ್ ಜೊತೆ ತಂಜಾವೂರು ಸೀಮೆಯಲ್ಲಿ ಭೂಹೀನ ಕೂಲಿಕಾರರಿಗೆ ಗದ್ದೆ ಕೊಡಿಸಲು ದುಡಿದವರು ಅವರು. ಅಂಥ ಗದ್ದೆಯ ಸೀಮೆಯೇ ಉಪ್ಪಾಗುವುದನ್ನು ನೋಡಿ ಸುಮ್ಮನಿರುವುದು ಹೇಗೆ? 1994ರಲ್ಲಿ ಅರ್ಜಿ ಹಾಕಿದರು. ವಾದವೆಲ್ಲ ನಿಂತದ್ದು 1991ರ ಫೆಬ್ರುವರಿ 19ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಒಂದು ವಾಕ್ಯದ ಮೇಲೆ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಹೊಸ ಉದ್ದಿಮೆ ಕೂಡದು, ನೀರಿನಂಚು ನೇರವಾಗಿ ಬೇಕೇ ಬೇಕಾದವುಗಳನ್ನು ಬಿಟ್ಟು ಎಂದು ಅದು ಹೇಳಿತ್ತು. ಸಿಗಡಿಗೆ ಸಮುದ್ರವಿಲ್ಲದೆ ಆದೀತೇ ಎಂದು ಹೊಂಡದವರು ಕೇಳಿದರು. ಕೇಳಲು ಸರಿಯೆನಿಸುವ ಪ್ರಶ್ನೆಯೇ. ಬೇಕಾದದ್ದು ಉಪ್ಪುನೀರು, ದಡವಲ್ಲ ಎಂಬುದು ಅದಕ್ಕೆ ಉತ್ತರ.

1996ರ ಡಿಸೆಂಬರ್ 11ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎಸ್. ಸಗೀರ್ ಅಹ್ಮದ್ ತೀರ್ಪು ಕೊಟ್ಟರು. ಈ ಉದ್ದಿಮೆಗೆ ದಡ ನೇರವಾಗಿ ಅಗತ್ಯವಲ್ಲ ಎಂದರು. ವಲಯದೊಳಗಿನ ಹೊಂಡಗಳನ್ನು 1997ರ ಮಾರ್ಚ್ 31ರೊಳಗೆ ತೆಗೆದುಹಾಕಬೇಕು. ಚಿಲಿಕಾ, ಪುಲಿಕಾಟ್ ಸರೋವರಗಳ ಸುತ್ತ 1000 ಮೀಟರ್ ಒಳಗೆ ಹೊಂಡ ಸಲ್ಲದು. ಸಾಗುವಳಿ ಭೂಮಿ, ಉಪ್ಪಿನಾಗರ, ಕಾಂಡ್ಲಾ ಕಾಡು, ಗೋಮಾಳಗಳನ್ನು ಹೊಂಡ ಮಾಡಕೂಡದು. ಕೆಡಿಸಿದವರೇ ಪರಿಹಾರ ತೆರಬೇಕು. ಕೆಲಸ ಕಳೆದುಕೊಳ್ಳುವ ಕೂಲಿಗಳಿಗೆ ಆರು ವರ್ಷದ ಸಂಬಳ ಸೇರಿಸಿ ಕೊಡಬೇಕೆಂದೂ ಹೇಳಿದರು. ತೀರ್ಪಿನ ಈ ಭಾಗವನ್ನು ಯಾರೂ ಹೆಚ್ಚು ನೆನೆಯುವುದಿಲ್ಲ. ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅಡ್ಡಿಯಿಲ್ಲ. ಮೇಲ್ವಿಚಾರಣೆಗೆ ಪ್ರಾಧಿಕಾರವೊಂದು ಬೇಕೆಂದದ್ದರಿಂದ 1997ರ ಫೆಬ್ರುವರಿಯಲ್ಲಿ ಅದೂ ಹುಟ್ಟಿತು.

ಹೊಂಡಗಳು ಮಾತ್ರ ಉಳಿದವು. ಮರುಪರಿಶೀಲನೆಯ ಅರ್ಜಿಗಳು ಬಂದವು, ತಡೆಯಾಜ್ಞೆ ಬಂತು. ಕೊನೆಗೆ 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ತಂದಿತು. ಹೊಸ ಹೊಂಡಕ್ಕೆ ಉಬ್ಬರದ ಗೆರೆಯಿಂದ 200 ಮೀಟರ್ ಅಂತರ ಸಾಕಾಯಿತು. ನೋಂದಣಿ ಕಡ್ಡಾಯ, ಇಲ್ಲದಿದ್ದರೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಕಾಯ್ದೆಯ ಕುತೂಹಲದ ಭಾಗ ಅದರ ಕೊನೆಯ ಪುಟದಲ್ಲಿದೆ. 1991ರ ಅಧಿಸೂಚನೆಯ ನಿಷೇಧ ಜಲಕೃಷಿಗೆ ಅನ್ವಯಿಸದು ಎಂದು ಅದಕ್ಕೆ ತಿದ್ದುಪಡಿ ಸೇರಿಸಿ, ಈ ತಿದ್ದುಪಡಿ 1991ರ ಫೆಬ್ರುವರಿ 19ರಿಂದಲೇ ಜಾರಿಯಲ್ಲಿತ್ತೆಂದು ಭಾವಿಸತಕ್ಕದ್ದು ಎಂದು ಬರೆಯಲಾಯಿತು. ನ್ಯಾಯಾಲಯವು ಆಧರಿಸಿದ್ದ ವಾಕ್ಯ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಿ ಬದಲಾಯಿತು. ತೀರ್ಪನ್ನು ಯಾರೂ ತಪ್ಪೆನ್ನಲಿಲ್ಲ. ಅದು ನಿಂತ ನೆಲವನ್ನು ಸರಿಸಿದರು, ಅಷ್ಟೆ.

ಪ್ರಾಧಿಕಾರದಿಂದ ಪ್ರಯೋಜನವಾಗಲಿಲ್ಲವೆಂದು ಹೇಳುವುದು ಅನ್ಯಾಯ. 2009ರಲ್ಲಿ ವನ್ನಾಮೈ ಎಂಬ ವಿದೇಶಿ ಸಿಗಡಿಗೆ ಅನುಮತಿ ಕೊಟ್ಟಾಗ, ಆಮದಾದ ತಾಯಿ ಸಿಗಡಿಗಳನ್ನು ಚೆನ್ನೈಯಲ್ಲಿ ಪ್ರತ್ಯೇಕವಾಗಿಟ್ಟು ರೋಗ ಪರೀಕ್ಷೆ ಮಾಡಿಯೇ ಬಿಡುವ ಕಟ್ಟುನಿಟ್ಟು ಬಂತು. ಕ್ಲೋರಾಂಫೆನಿಕಾಲ್‌ನಂಥ ಔಷಧಿಗಳಿಗೆ ನಿಷೇಧವಿದೆ. ಇಂದು ರಫ್ತಾಗುವ ಸಾಕಣೆ ಸಿಗಡಿಯಲ್ಲಿ ಸಿಂಹಪಾಲು ವನ್ನಾಮೈಯದೇ. 2023ರ ತಿದ್ದುಪಡಿಯಲ್ಲಿ ಸೆರೆವಾಸ ಹೋಗಿ ದಂಡವಷ್ಟೇ ಉಳಿಯಿತು. ಮರಿ ಉತ್ಪಾದನಾ ಕೇಂದ್ರಗಳಿಗೆ ದಡದ ಸಮೀಪವೂ ಅವಕಾಶ ಸಿಕ್ಕಿತು.

ಇತ್ತ ಗಜನಿಯಲ್ಲಿ? ತೀರ್ಪು 'ಸಾಂಪ್ರದಾಯಿಕ' ಎಂದು ರಿಯಾಯಿತಿ ಕೊಟ್ಟದ್ದು ಇಂಥ ಭೂಮಿಗೇ. ಆದರೆ ಸಿಗಡಿಯ ಆಸೆಗೆ ಗಜನಿಯನ್ನು ಗುತ್ತಿಗೆಗೆ ಕೊಟ್ಟ ಕಡೆ ಕಗ್ಗ ಹಿಂದೆ ಸರಿದಿದೆ. ಭತ್ತಕ್ಕೆ ಉಪ್ಪು ತೊಳೆದ ನೆಲ ಬೇಕು, ಸಿಗಡಿಗೆ ಉಪ್ಪುನೀರು ಬೇಕು. ಗುತ್ತಿಗೆದಾರ ಬಾಗಿಲನ್ನು ಸಿಗಡಿಯ ಲೆಕ್ಕದಲ್ಲಿ ತೆರೆಯುತ್ತಾನೆ. ಸಮುದ್ರದಿಂದ ಹೊಂಡಕ್ಕೆ ಎಷ್ಟು ಮೀಟರ್ ಎಂದು ಅಳೆಯುವ ಕಾಯ್ದೆಯಲ್ಲಿ ಕಟ್ಟೆಯ ಬಾಗಿಲನ್ನು ತೆರೆಯುವ ಹಕ್ಕು ಯಾರದೆಂಬ ಮಾತಿಲ್ಲ.