ಹಾಜರಿ ಪುಸ್ತಕದಿಂದ ಖಾನಾವಳಿಗೆ: ಮುಂಬೈ ಗಿರಣಿಗಳ ಹೆಂಗಸರು ಎಲ್ಲಿಗೆ ಹೋದರು?

ಮುಂಬೈನಲ್ಲಿರುವ ನಮ್ಮವರಿಗೆ ಲೋವರ್ ಪರೇಲ್ ಅಂದ ತಕ್ಷಣ ಗಾಜಿನ ಆಫೀಸು, ಮಾಲ್, ಸಂಜೆ ಸ್ಟೇಷನ್ನಿನ ನೂಕುನುಗ್ಗಲು ನೆನಪಾಗುತ್ತೆ. ಫೀನಿಕ್ಸ್ ಮಿಲ್ಸ್, ಕಮಲಾ ಮಿಲ್ಸ್ ಅನ್ನೋ ಹೆಸರುಗಳಲ್ಲಿ 'ಮಿಲ್' ಯಾಕಿದೆ ಅನ್ನೋದೂ ಬಹಳ ಜನಕ್ಕೆ ಗೊತ್ತು. ಅಲ್ಲೆಲ್ಲ ಹತ್ತಿ ಗಿರಣಿಗಳಿದ್ದವು. ಆದರೆ ನೂರು ವರ್ಷದ ಹಿಂದೆ ಆ ಗಿರಣಿಗಳಲ್ಲಿ ಹೆಚ್ಚುಕಡಿಮೆ ಐದು ಜನ ಕೆಲಸಗಾರರಲ್ಲಿ ಒಬ್ಬರು ಹೆಂಗಸು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಐಟಿಯಲ್ಲಿ ಲೇ-ಆಫ್ ಸುದ್ದಿ ಬಂದಾಗಲೆಲ್ಲ ನನ್ನ ತಲೆಗೆ ಈ ಗಿರಣಿಗಳೇ ಬರ್ತವೆ. ಆರ್ಥಿಕ ಹಿಂಜರಿತ ಬಂದಾಗ ಹೆಂಗಸರ ಕೆಲಸ ಏನಾಗುತ್ತೆ? ಸಾಮಾನ್ಯವಾಗಿ ಎರಡು ಉತ್ತರ ಕೊಡ್ತಾರೆ. ಮೊದಲು ಹೊರಗೆ ಹೋಗೋದು ಹೆಂಗಸರೇ ಅನ್ನೋದು ಒಂದು. ಗಂಡನ ಸಂಬಳ ನಿಂತಾಗ ಹೆಂಡತಿ ಕೆಲಸಕ್ಕೆ ಇಳಿಯುತ್ತಾಳೆ, ಹಾಗಾಗಿ ದುಡಿಯುವ ಹೆಂಗಸರ ಸಂಖ್ಯೆ ಏರುತ್ತೆ ಅನ್ನೋದು ಇನ್ನೊಂದು. ಒಂದಕ್ಕೊಂದು ವಿರುದ್ಧ ಅನ್ನಿಸುತ್ತೆ ಅಲ್ವಾ? ಮುಂಬೈ ಗಿರಣಿಗಳ ಇತಿಹಾಸ ನೋಡಿದರೆ ಎರಡೂ ನಿಜ.

1920ರ ದಶಕಕ್ಕೆ ಹೋಗೋಣ. ಮುಂಬೈ ಗಿರಣಿಗಳಲ್ಲಿ ಆಗ ಸುಮಾರು ಒಂದೂವರೆ ಲಕ್ಷ ಜನ ದುಡಿಯುತ್ತಿದ್ದರು. ಹೆಂಗಸರಲ್ಲಿ ಹೆಚ್ಚಿನವರು ಇದ್ದದ್ದು ವೈಂಡಿಂಗ್ ಮತ್ತು ರೀಲಿಂಗ್ ಖಾತೆಗಳಲ್ಲಿ, ಅಂದರೆ ನೂಲನ್ನು ಸುತ್ತುವ, ಲಡಿ ಕಟ್ಟುವ ಕೆಲಸದಲ್ಲಿ. ಅವರ ಮೇಲ್ವಿಚಾರಣೆಗೆ ಒಬ್ಬ ಹೆಂಗಸೇ ಇರುತ್ತಿದ್ದಳು, ಅವಳನ್ನು ನಾಯಕಿಣ್ ಅನ್ನುತ್ತಿದ್ದರು. ತಿಂಗಳ ಸಂಬಳ ಇಲ್ಲ, ಮಾಡಿದಷ್ಟು ಕೆಲಸಕ್ಕೆ ಕೂಲಿ. ನೂಲು ಬರದಿದ್ದರೆ ಸುಮ್ಮನೆ ಕೂತಿರಬೇಕು, ಕೂತದ್ದಕ್ಕೆ ಕಾಸಿಲ್ಲ. ಇವರಲ್ಲಿ ವಿಧವೆಯರು, ಗಂಡ ಬಿಟ್ಟವರು ಕಡಿಮೆ ಏನಿರಲಿಲ್ಲ. ಅವರ ಕೂಲಿಯಲ್ಲೇ ಮನೆ ನಡೆಯಬೇಕಿತ್ತು.

ಮೊದಲ ಮಹಾಯುದ್ಧದ ನಂತರದ ಭರಾಟೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ಕಾಲಕ್ಕೆ ಮುಂಬೈ ನೂಲಿಗೆ ಚೀನಾ ದೊಡ್ಡ ಮಾರುಕಟ್ಟೆ. ಅದು ಕೈತಪ್ಪಿತು, ಜಪಾನಿನ ಬಟ್ಟೆ ನಮ್ಮ ಬಜಾರಿಗೇ ಬಂತು. 1925ರಲ್ಲಿ ಮಾಲೀಕರು ಕೂಲಿ ಕಡಿತ ಘೋಷಿಸಿದರು, ಮುಷ್ಕರ ಆಯಿತು. 1928ರಲ್ಲಿ ಆರು ತಿಂಗಳ ದೊಡ್ಡ ಮುಷ್ಕರ. ಅದರ ಹಿಂದೆಯೇ 1929ರ ಜಾಗತಿಕ ಮಹಾ ಕುಸಿತ. 1930ರ ದಶಕದಲ್ಲಿ ಅನೇಕ ಗಿರಣಿಗಳು ಬಾಗಿಲು ಹಾಕಿದವು.

ಈ ಹೊತ್ತಿಗೆ ಮಾಲೀಕರು ಹಿಡಿದ ದಾರಿಯ ಹೆಸರು 'ರ್ಯಾಷನಲೈಸೇಷನ್'. ಕಡಿಮೆ ಜನ, ಹೆಚ್ಚು ಯಂತ್ರ. ಇವತ್ತು ನಾವು 'ರೀಸ್ಟ್ರಕ್ಚರಿಂಗ್' ಅಂತೀವಲ್ಲ, ಅದರ ಮುತ್ತಜ್ಜಿ ಅಂದುಕೊಳ್ಳಿ. ನೂಲು ಸುತ್ತುವುದಕ್ಕೆ ವೇಗದ ಹೊಸ ಯಂತ್ರಗಳು ಬಂದವು. ಲಡಿ ನೂಲಿನ ವ್ಯಾಪಾರ ಕುಗ್ಗಿದ್ದರಿಂದ ರೀಲಿಂಗ್ ಖಾತೆಯೂ ಸಣ್ಣದಾಯಿತು. ಹೆಂಗಸರನ್ನು ಎರಡೇ ಖಾತೆಗಳಲ್ಲಿ ಕೂರಿಸಿದ್ದರು, ಪೆಟ್ಟು ಬಿದ್ದದ್ದೂ ಆ ಎರಡಕ್ಕೇ. ಮಗ್ಗದ ಖಾತೆಗೋ ಬೇರೆ ಕಡೆಗೋ ಹೋಗೋಣ ಅಂದರೆ ಅದು ಗಂಡಸರ ಜಾಗ.

ಇನ್ನು ಕಾನೂನಿನ ಕಥೆ. 1929ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಹೆರಿಗೆ ಭತ್ಯೆ ಕಾಯ್ದೆ ಬಂತು. ಒಳ್ಳೆಯ ಕಾಯ್ದೆ, ಹೆರಿಗೆಗೆ ಮುಂಚೆ ಮತ್ತು ನಂತರ ಕೆಲವು ವಾರ ದುಡ್ಡಿನ ಜೊತೆ ವಿಶ್ರಾಂತಿ. ಆದರೆ ಆ ದುಡ್ಡು ಕೊಡಬೇಕಾದವನು ಗಿರಣಿ ಮಾಲೀಕ. ವ್ಯಾಪಾರ ಬಿದ್ದ ಕಾಲದಲ್ಲಿ ಅವನ ಲೆಕ್ಕ ಸರಳ: ಹೆಂಗಸನ್ನು ತೆಗೆದುಕೊಂಡರೆ ಖರ್ಚು ಹೆಚ್ಚು. ರಾತ್ರಿ ಪಾಳಿಗೆ ಹೆಂಗಸರನ್ನು ಹಾಕುವಂತಿಲ್ಲ ಅನ್ನೋ ನಿಯಮವೂ ಇತ್ತು. ಗಿರಣಿಗಳು ಎರಡು ಪಾಳಿ ನಡೆಸಲು ಶುರು ಮಾಡಿದಾಗ ಅದೂ ಒಂದು ನೆಪವಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಮಸೂದೆ 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಜನರ ಕ್ಷೇಮ ಸರ್ಕಾರದ ಹೊಣೆ, ಹಾಗಾಗಿ ಈ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಅನ್ನೋದು ಅವರ ಅಭಿಪ್ರಾಯವಾಗಿತ್ತು. ಕಾಯ್ದೆ ಬಂತು, ಸರ್ಕಾರದ ಪಾಲು ಬರಲಿಲ್ಲ. ತೊಂಬತ್ತು ವರ್ಷ ಮುಂದೆ ಬನ್ನಿ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಖಾಸಗಿ ಕಂಪನಿಯಲ್ಲಿ ಆ 26 ವಾರದ ಸಂಬಳ ಕೊಡೋದು ಈಗಲೂ ಬಹುಮಟ್ಟಿಗೆ ಕಂಪನಿಯೇ. ರಜೆ ಬೇಡ ಅಂತ ನಾನು ಹೇಳ್ತಿಲ್ಲ. ಖರ್ಚನ್ನು ಯಾರ ತಲೆಗೆ ಕಟ್ಟಿದ್ದೇವೆ ಅನ್ನೋದು ಹಿಂಜರಿತದ ದಿನ ಲೆಕ್ಕಕ್ಕೆ ಬರುತ್ತೆ ಅಂತ ಹೇಳ್ತಿದ್ದೀನಿ.

ಮುಷ್ಕರಗಳಲ್ಲಿ ಹೆಂಗಸರು ಮುಂದೆಯೇ ಇದ್ದರು. ಉಷಾಬಾಯಿ ಡಾಂಗೆಯಂಥವರು ಅವರನ್ನು ಸಂಘಟಿಸಿದರು. ಆದರೆ ಕಾರ್ಮಿಕ ಚಳವಳಿಯ ಒಳಗೂ ಒಂದು ಯೋಚನೆ ಬೇರೂರುತ್ತಿತ್ತು: ಗಂಡಸಿಗೆ ಸಂಸಾರ ಸಾಕುವಷ್ಟು ಕೂಲಿ ಸಿಕ್ಕರೆ ಸಾಕು. ಕೇಳೋಕೆ ನ್ಯಾಯವಾಗಿದೆ. ಅದರ ಇನ್ನೊಂದು ಮುಖ ಏನು? ಹೆಂಗಸಿನ ಕೂಲಿ 'ಮೇಲ್ಸಂಪಾದನೆ' ಅಂತಾಯಿತು. ವಿಧವೆಗೆ ಅದು ಮೇಲ್ಸಂಪಾದನೆ ಅಲ್ಲ, ಅದೇ ಸಂಪಾದನೆ. ಆದರೆ ಅವಳ ಜಾಗ ಉಳಿಸುವುದು ಯಾರಿಗೂ ಮೊದಲ ಬೇಡಿಕೆ ಆಗಲಿಲ್ಲ.

1930ರ ದಶಕದ ಕೊನೆಗೆ ಹೆಂಗಸರ ಪಾಲು ನೂರಕ್ಕೆ 15ರ ಆಸುಪಾಸಿಗೆ ಇಳಿಯಿತು. ಮಾರುಕಟ್ಟೆ ಚೇತರಿಸಿಕೊಂಡ ಮೇಲೆ ವಾಪಸ್ ಬಂದಿರಬೇಕು ಅಂತ ನೀವು ಕೇಳಬಹುದು. ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಗಿರಣಿಗಳು ಹಗಲೂ ರಾತ್ರಿ ಓಡಿದವು, ಕೆಲಸಗಾರರ ಸಂಖ್ಯೆ ಎರಡು ಲಕ್ಷ ದಾಟಿತು. ಹೆಂಗಸರ ಪಾಲು ಮಾತ್ರ ಇಳಿಯುತ್ತಲೇ ಹೋಯಿತು. 1980ರ ಹೊತ್ತಿಗೆ ನೂರಕ್ಕೆ ಐದೂ ಇರಲಿಲ್ಲ. ನನಗೆ ಈ ಇತಿಹಾಸದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಹಿಂಜರಿತಕ್ಕೆ ಒಂದು ಕೊನೆ ಇರುತ್ತೆ, ಅದು ಮುಚ್ಚಿದ ಬಾಗಿಲು ತಾನಾಗಿ ತೆರೆಯೋದಿಲ್ಲ. ಕಷ್ಟಕಾಲದ ತಾತ್ಕಾಲಿಕ ಏರ್ಪಾಡು ಒಳ್ಳೆಯ ಕಾಲದಲ್ಲಿ ಪದ್ಧತಿ ಆಗಿಬಿಡುತ್ತೆ.

ಹಾಗಾದರೆ ಆ ಹೆಂಗಸರೆಲ್ಲ ಮನೆಯಲ್ಲಿ ಕೂತರಾ? ಕೂರುವಂತಿದ್ದರೆ ತಾನೇ. ಗಿರಣಿಯಲ್ಲಿ ದುಡಿಯುವ ಗಂಡಸರಲ್ಲಿ ಬಹಳ ಮಂದಿ ಸಂಸಾರ ಊರಲ್ಲಿ ಬಿಟ್ಟು ಕೊಂಕಣದಿಂದ ಬಂದವರು. ಅವರಿಗೆ ಊಟ ಹಾಕಿದ್ದು ಚಾಳಿನ ಒಂದೊಂದು ಖೋಲಿಯಲ್ಲಿ ಖಾನಾವಳಿ ನಡೆಸಿದ ಹೆಂಗಸರು. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಇರುವುದೂ ಇದೇ ಪದ, ಇದೇ ಊಟದ ಲೆಕ್ಕ. ಬೆಳಗಿನ ಜಾವ ಎದ್ದು ರೊಟ್ಟಿ ತಟ್ಟಿ, ತಿಂಗಳ ಕೊನೆಗೆ ದುಡ್ಡು ವಸೂಲಿ ಮಾಡಿ, ಅಲ್ಲಿಯವರೆಗೆ ಕಿರಾಣಿ ಅಂಗಡಿಯಲ್ಲಿ ಸಾಲ. ಈ ಸಾಲದ ಬಲೆ ಬಿಡಿಸಲಿಕ್ಕೆಂದೇ 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿದರು.

18 ಜನವರಿ 1982ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರ ಹೂಡಿದಾಗ ಕೂಲಿ ನಿಂತಿತು, ಖಾನಾವಳಿಯ ಬಾಕಿಯೂ ನಿಂತಿತು. ಆಗ ಆ ಮನೆಗಳ ಹೆಂಗಸರು ತರಕಾರಿ ಮಾರಿದರು, ಬೇರೆಯವರ ಮನೆಯ ಪಾತ್ರೆ ತೊಳೆದರು, ಮನೆಯಲ್ಲೇ ಬಟ್ಟೆ ಹೊಲಿದರು. ಮೊದಲು ಹೇಳಿದ ಎರಡನೇ ಉತ್ತರ ಇದು. ಕಷ್ಟ ಬಂದಾಗ ಹೆಂಗಸರು ಕೆಲಸಕ್ಕೆ ಇಳಿದರು ನಿಜ, ಆದರೆ ಹಾಜರಿ ಪುಸ್ತಕ ಇಲ್ಲದ, ಭವಿಷ್ಯ ನಿಧಿ ಇಲ್ಲದ ಕೆಲಸಕ್ಕೆ.

ಇದನ್ನು ತಿಳಿದರೆ ಇವತ್ತಿನ ಅಂಕಿಗಳನ್ನು ಬೇರೆ ಕಣ್ಣಲ್ಲಿ ನೋಡಬಹುದು. ಸರ್ಕಾರದ ಕಾರ್ಮಿಕ ಸಮೀಕ್ಷೆ ಪ್ರಕಾರ, 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಯುತ್ತಿರುವವರು ಅಥವಾ ಕೆಲಸ ಹುಡುಕುತ್ತಿರುವವರು 2019-20ರಲ್ಲಿ ನೂರಕ್ಕೆ 30, 2020-21ರಲ್ಲಿ 32.5. ಕೋವಿಡ್ ವರ್ಷದಲ್ಲಿ ಏರಿಕೆ! ಆದರೆ ಏರಿಕೆಯ ಬಹುಪಾಲು ಹಳ್ಳಿಗಳದ್ದು, ಅದರಲ್ಲೂ ಹೊಲದ ಕೆಲಸ, ಸ್ವಂತ ದುಡಿಮೆ, ಸಂಬಳವಿಲ್ಲದೆ ಮನೆಯ ಕಸುಬಿಗೆ ಕೈಜೋಡಿಸುವುದು. ಹಾಗಾಗಿ ಎಷ್ಟು ಜನ ದುಡಿಯುತ್ತಿದ್ದಾರೆ ಅಂತ ಕೇಳಿದ ಮೇಲೆ, ಯಾವ ಕೆಲಸ, ಸಂಬಳ ಎಷ್ಟು ಅಂತಲೂ ಕೇಳಬೇಕು.

ನಮ್ಮ ಮನೆಗಳಿಗೂ ಇದು ಅನ್ವಯಿಸುತ್ತೆ. ಪುಣೆಯಿಂದ ಹೈದರಾಬಾದಿಗೆ ವರ್ಗ ಆಯಿತು, ಮಗುವಿಗೆ ಡೇ ಕೇರ್ ಸಿಗಲಿಲ್ಲ, ಪ್ರಾಜೆಕ್ಟ್ ಮುಗಿಯಿತು. ಇಬ್ಬರಲ್ಲಿ ಒಬ್ಬರು 'ಸದ್ಯಕ್ಕೆ' ಬಿಡೋಣ ಅಂದಾಗ ಆ ಒಬ್ಬರು ಯಾರು ಅಂತ ಮನೆಯಲ್ಲಿ ಬಾಯಿಬಿಟ್ಟು ಚರ್ಚೆ ಆಗೋದೇ ಅಪರೂಪ. ಗಿರಣಿಯ ಹೆಂಗಸರನ್ನು ಯಾರೂ ಒಂದೇ ದಿನದಲ್ಲಿ ಹೊರಗೆ ಹಾಕಲಿಲ್ಲ. ಪ್ರತಿಸಲವೂ ಒಂದು ಕಾರಣ ಇತ್ತು, ಪ್ರತಿ ಕಾರಣವೂ ಆ ಹೊತ್ತಿಗೆ ಸರಿ ಅನ್ನಿಸಿತ್ತು. ಈ ಸಲ 'ಸದ್ಯಕ್ಕೆ' ಅನ್ನೋ ಪದ ನಿಮ್ಮ ಮನೆಯಲ್ಲಿ ಬಂದರೆ, ಎಷ್ಟು ತಿಂಗಳು, ವಾಪಸ್ ಹೋಗುವ ದಾರಿ ಯಾವುದು ಅಂತ ಅದೇ ದಿನ ಕೂತು ಮಾತಾಡಿಕೊಳ್ಳಿ.