ಹಾಡಲಾರದ ಮೂಸಾ

ತನ್ನ ನಾಲಿಗೆಯ ಗಂಟು ಬಿಡಿಸೆಂದು ಪ್ರವಾದಿ ಮೂಸಾ(ಅ) ಪ್ರಾರ್ಥಿಸಿದ್ದನ್ನು, ಮಾತಿನಲ್ಲಿ ತನಗಿಂತ ನಿಪುಣರಾದ ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೇಳಿದ್ದನ್ನು ಕುರ್‌ಆನ್ ಓದಿದವರೆಲ್ಲ ಬಲ್ಲರು. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಸಂಗೀತಗಾರ ಆರ್ನಾಲ್ಡ್ ಶೋನ್‌ಬರ್ಗ್ ಇದೇ ವೃತ್ತಾಂತವನ್ನು ಬೈಬಲಿನಿಂದ ಎತ್ತಿಕೊಂಡು ‘ಮೋಸೆಸ್ ಉಂಡ್ ಆರೋನ್’ ಎಂಬ ಒಪೆರಾ ರಚಿಸಿದ. ಅದರಲ್ಲಿ ಆರೋನ್ ಹಾಡುತ್ತಾನೆ. ಮೋಸೆಸ್ ಬಹುಮಟ್ಟಿಗೆ ಮಾತಾಡುತ್ತಾನಷ್ಟೆ. ಕಾಣದ ದೇವನನ್ನು ಜನರಿಗೆ ಹೇಗೆ ತಿಳಿಸುವುದು? ಇಬ್ಬರ ಜಗಳವೂ ಇದೇ.

ಎರಡು ಅಂಕಗಳ ಸಂಗೀತ 1932ರಲ್ಲಿ ಮುಗಿಯಿತು. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಬರ್ಲಿನ್ನಿನ ಹುದ್ದೆ ಹೋಯಿತು. ಯೌವನದಲ್ಲಿ ಕ್ರೈಸ್ತನಾಗಿದ್ದ ಶೋನ್‌ಬರ್ಗ್ ಪ್ಯಾರಿಸ್ಸಿನಲ್ಲಿ ಪೂರ್ವಜರ ಧರ್ಮಕ್ಕೆ ಮರಳಿ, ಅಮೆರಿಕಾ ಸೇರಿದ. 1951ರಲ್ಲಿ ತೀರಿಕೊಳ್ಳುವವರೆಗೂ ಮೂರನೆಯ ಅಂಕಕ್ಕೆ ಸಂಗೀತ ಕೂಡಿಬರಲಿಲ್ಲ.

ಝಾನ್-ಮಾರಿ ಸ್ಟ್ರಾಬ್ ಮತ್ತು ಡಾನಿಯೆಲ್ ಉಯಿಯೆ ದಂಪತಿ 1975ರಲ್ಲಿ ಇದನ್ನು ಸಿನಿಮಾ ಮಾಡಿದರು. ಇಟಲಿಯ ಆಲ್ಬಾ ಫುಚೆನ್ಸ್‌ನ ರೋಮನ್ ಬಯಲು ರಂಗಮಂಟಪವೇ ಸೆಟ್ಟು. ವಾದ್ಯಗಳನ್ನಷ್ಟೇ ಮೊದಲು ಧ್ವನಿಮುದ್ರಿಸಿಕೊಂಡು, ಗಾಯಕರನ್ನು ಬಯಲಲ್ಲೇ ಕ್ಯಾಮರಾದೆದುರು ಹಾಡಿಸಿದರು. ತುಟಿ ಅಲ್ಲಾಡಿಸುವ ಸುಳ್ಳು ಅವರಿಗೆ ಬೇಡವಾಗಿತ್ತು. ಅಲುಗದ ದೀರ್ಘ ದೃಶ್ಯಗಳು ನಮ್ಮ ತಾಳ್ಮೆ ಪರೀಕ್ಷಿಸುತ್ತವೆ, ನಿಜ. ಆದರೆ ವಿಗ್ರಹದ ಮೋಹವನ್ನು ಕುರಿತ ಕಥೆಗೆ ಕಣ್ಣಿಗೆ ಹಬ್ಬವಾಗುವ ಚಿತ್ರ ತೆಗೆದರೆ ಏನು ಅರ್ಥ?

ಒಪ್ಪಲಾಗದ್ದೊಂದಿದೆ. ಇಲ್ಲಿ ಚಿನ್ನದ ಕರುವನ್ನು ಜನರಿಗೆ ಕೊಡುವವನು ಸ್ವತಃ ಆರೋನ್. ಕುರ್‌ಆನ್ ಪ್ರಕಾರ ಆ ಕೆಲಸ ಸಾಮಿರಿಯದು; ಹಾರೂನ್(ಅ) ಜನರನ್ನು ತಡೆಯಲೆತ್ನಿಸಿದವರು.

ಸಂಗೀತವಿಲ್ಲದ ಮೂರನೆಯ ಅಂಕವನ್ನು ನಿರ್ದೇಶಕರು ಕೈಬಿಡಲಿಲ್ಲ, ಬೇರೆ ಸಂಗೀತ ತುಂಬಲೂ ಇಲ್ಲ. ಸರೋವರದ ಬಳಿ ಬಂಧಿತ ಆರೋನ್ ನೆಲದ ಮೇಲಿದ್ದಾನೆ. ಮೋಸೆಸ್ ಬರೀ ಮಾತಾಡುತ್ತಾನೆ.