ಘಳಿಗೆಬಟ್ಟಲೂ ಶಿಕ್ಷಿತ ಸ್ಫಟಿಕವೂ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ನಿಟ್ಟೂರಿನಲ್ಲಿ ಮಧ್ಯಾಹ್ನವಾಗುವುದು ಯಾವಾಗ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 1906ನೆಯ ಇಸವಿ ಜನವರಿ 1ರಿಂದ ಆಚರಣೆಗೆ ಬಂದ ಭಾರತೀಯ ಪ್ರಮಾಣಕಾಲವು 82½ ಅಂಶದ ಪೂರ್ವರೇಖಾಂಶವನ್ನು ಅನುಸರಿಸತಕ್ಕದ್ದು. ನಿಟ್ಟೂರು ಆ ರೇಖೆಗೆ ಐದೂವರೆ ಅಂಶಕ್ಕಿಂತ ತುಸು ಹೆಚ್ಚು ಪಶ್ಚಿಮದಲ್ಲಿರುವುದು. ಅಂಶಕ್ಕೆ ನಾಲ್ಕು ನಿಮಿಷದಂತೆ ಗುಣಿಸಿದರೆ, ಊರಿನ ಮಧ್ಯಮ ಮಧ್ಯಾಹ್ನವು ಗಡಿಯಾರದಲ್ಲಿ ಹನ್ನೆರಡು ಗಂಟೆಯ ಮೇಲೆ 22 ನಿಮಿಷ ಕಳೆದ ತರುವಾಯ ಬರುವುದು. ಸ್ಫುಟಸೂರ್ಯನಾದರೋ ಈ ಮಧ್ಯಮಮಾನಕ್ಕೂ ವಿಧೇಯನಲ್ಲ. ಫೆಬ್ರವರಿಯಲ್ಲಿ ಸುಮಾರು 14 ನಿಮಿಷ ಹಿಂದುಳಿಯುವನು, ನವೆಂಬರಿನ ಮೊದಲಲ್ಲಿ ಸುಮಾರು 16 ನಿಮಿಷ ಮುಂದಾಗುವನು. 1906ಕ್ಕೆ ಮೊದಲು ರೈಲುಗಳು ಮದರಾಸಿನ ಕಾಲವನ್ನು ಅನುಸರಿಸುತ್ತಿದ್ದುವು. ಹೀಗೆ ಶಂಕುವಿನ ನೆರಳು, ರೈಲಿನ ಗಡಿಯಾರ, ಪ್ರಮಾಣಕಾಲ ಎಂಬ ಮೂರು ಅಳತೆಗಳನ್ನು ಒಂದೇ ಊರು ಕಂಡಿದೆ. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವುದಕ್ಕಿಂತಲೂ, ಒಂದನ್ನು ಮತ್ತೊಂದರಿಂದ ತಿದ್ದುವ ಕ್ರಮವೇನು ಎಂದು ಕೇಳುವುದು ಉಚಿತ. ಕಾಲಮಾಪನದ ಚರಿತ್ರೆಯು ಬಹುಮಟ್ಟಿಗೆ ಈ ತಿದ್ದುವಿಕೆಯ ಚರಿತ್ರೆಯೇ ಆಗಿರುವುದೆಂಬುದನ್ನು ಎರಡು ಸಾಧನಗಳ ಮೂಲಕ ನಿರೂಪಿಸುವುದು ಈ ಲೇಖನದ ಉದ್ದೇಶ. ಅವುಗಳಲ್ಲಿ ಒಂದು ಪ್ರಾಚೀನರ ಘಟಿಕಾಯಂತ್ರ. ಮತ್ತೊಂದು, ದೂರವಾಣಿಯ ಗೋಪುರಗಳಿಂದ ತೆಗೆದುಹಾಕಲ್ಪಟ್ಟು ಹಳೆಯ ಸಾಮಾನಿನ ಪೇಟೆಯ ಮೂಲಕ ಪ್ರಯೋಗಶೀಲರ ಕೈಸೇರಿರುವ, ಜಿ.ಪಿ.ಎಸ್. ಉಪಗ್ರಹಗಳಿಂದ ನಿಯಮಿತವಾದ ಸ್ಫಟಿಕಾಂದೋಲಕ.

ಘಟಿಕಾಯಂತ್ರವೆಂದರೆ ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲು. ಅದನ್ನು ನೀರಿನ ಮೇಲೆ ತೇಲಬಿಟ್ಟರೆ ರಂಧ್ರದ ಮೂಲಕ ನೀರು ಏರಿ, ನಿಯತವಾದ ಕಾಲದಲ್ಲಿ ಬಟ್ಟಲು ಮುಳುಗುವುದು. ಅಹೋರಾತ್ರಕ್ಕೆ ಅರುವತ್ತು ಸಲ ಮುಳುಗುವಂತಿದ್ದರೆ ಒಂದೊಂದು ಮುಳುಗುವಿಕೆಯೂ ಒಂದು ಘಳಿಗೆ, ಎಂದರೆ ಇಂದಿನ 24 ನಿಮಿಷ. ಇಂತಹ ಬಟ್ಟಲನ್ನು ಮಾಡುವುದಕ್ಕೆ ತಾಮ್ರದ ತೂಕವಿಷ್ಟು, ಎತ್ತರವಿಷ್ಟು, ರಂಧ್ರವನ್ನು ಕೊರೆಯುವ ಚಿನ್ನದ ಸೂಜಿಯ ಪ್ರಮಾಣವಿಷ್ಟು ಎಂದು ಪೂರ್ವಗ್ರಂಥಗಳಲ್ಲಿ ವಿಧಿಗಳುಂಟು. ಆದರೆ ನೀರಿನ ಶೀತೋಷ್ಣ, ಲೋಹದ ಸವೆತ, ರಂಧ್ರದಲ್ಲಿ ಸೇರುವ ಮಲ, ಇವೆಲ್ಲವೂ ಅಳತೆಯನ್ನು ಕೆಡಿಸುವಂಥವು. ವಿಧಿಯಂತೆ ಮಾಡಿದ ಮಾತ್ರಕ್ಕೆ ಬಟ್ಟಲು ಸರಿಯಾದ ಘಳಿಗೆಯನ್ನು ಹೇಳುವುದೆಂಬ ಭರವಸೆಯಿಲ್ಲ.

ಈ ಸಂಕಟವನ್ನು ಪರಿಹರಿಸಿದವನು ಭಾಸ್ಕರಾಚಾರ್ಯನು. ಶಕ 1072ರಲ್ಲಿ, ಎಂದರೆ ಕ್ರಿ.ಶ. 1150ರಲ್ಲಿ, ಅವನು ರಚಿಸಿದ ಸಿದ್ಧಾಂತಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಬಟ್ಟಲಿನ ತೂಕದ ವಿಧಿಗಳಿಗೆ ಮನ್ನಣೆಯಿಲ್ಲ. ಅವು ಯುಕ್ತಿಗೆ ಒಪ್ಪದುವೂ ನೆರವೇರಿಸಲು ಕಷ್ಟವಾದುವೂ ಆಗಿರುವುವೆಂಬುದು ಅವನ ಅಭಿಪ್ರಾಯ. ಬಟ್ಟಲು ಹೇಗಾದರೂ ಇರಲಿ; ಒಂದು ಅಹೋರಾತ್ರದಲ್ಲಿ ಅದು ಎಷ್ಟು ಸಲ ಮುಳುಗುವುದೋ ಎಣಿಸಿ, ಆ ಸಂಖ್ಯೆಯಿಂದ ಅಹೋರಾತ್ರವನ್ನು ಭಾಗಿಸಿದರೆ ಆ ಬಟ್ಟಲಿನ ಮಾನವು ದೊರೆಯುವುದೆಂದು ಅವನು ವಿಧಿಸುತ್ತಾನೆ. ಉದಾಹರಣೆಗೆ, 64 ಸಲ ಮುಳುಗುವ ಬಟ್ಟಲಿನ ಒಂದು ಮುಳುಗುವಿಕೆಯು 22½ ನಿಮಿಷವಾಗುವುದು. ಬಟ್ಟಲನ್ನು ನಿರ್ದೋಷವಾಗಿ ಮಾಡಬೇಕಾಗಿಲ್ಲ. ಅದರ ದೋಷವನ್ನು ಆಕಾಶದೊಡನೆ ಹೋಲಿಸಿ ತಿಳಿದುಕೊಂಡರೆ ಸಾಕು. ನಿಟ್ಟೂರಿನ ಶಾಂತೀಶ್ವರ ಬಸದಿಯೂ ಅದೇ ಹನ್ನೆರಡನೆಯ ಶತಮಾನದ್ದು. ಆ ಕಾಲದ ಕನ್ನಡನಾಡಿನಲ್ಲಿ ಶಾಸನದ ತಿಥಿ ಸಂಕ್ರಮಣಗಳನ್ನು ಗಣಿಸಿದ ಜೋಯಿಸರ ಅಳತೆಗೆ ಕಡೆಯ ಪ್ರಮಾಣವು ಆಕಾಶವೇ ಆಗಿದ್ದಿತು.

ಎಂಟು ಶತಮಾನಗಳ ತರುವಾಯ ಬಟ್ಟಲಿನ ಸ್ಥಾನಕ್ಕೆ ಸ್ಫಟಿಕವು ಬಂದಿತು. ಕೆಲವು ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದೆಂಬುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ಸ್ಫಟಿಕದ ಕಂಪನದಿಂದ ನಡೆಯುವ ಗಡಿಯಾರವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಾರೆನ್ ಮ್ಯಾರಿಸನ್ನನು 1927ರಲ್ಲಿ ರಚಿಸಿದನು. ಸೆಕೆಂಡಿಗೆ ಒಂದು ಕೋಟಿ ಸಲ, ಎಂದರೆ 10 ಮೆಗಾಹರ್ಟ್ಸ್ ಆವರ್ತನದಲ್ಲಿ, ಕಂಪಿಸುವ ಸ್ಫಟಿಕವನ್ನು ಸದಾ ಒಂದೇ ಕಾವಿನಲ್ಲಿರುವ ಸಣ್ಣ ಪೆಟ್ಟಿಗೆಯೊಳಗೆ ಇಟ್ಟರೆ ಅದು ಅಲ್ಪಕಾಲದಲ್ಲಿ ಅತ್ಯಂತ ಸ್ಥಿರವಾಗಿರುವುದು. ಆದರೆ ಅದಕ್ಕೂ ಮುಪ್ಪುಂಟು. ದಿನಗಳೂ ತಿಂಗಳುಗಳೂ ಕಳೆದಂತೆ ಅದರ ಆವರ್ತನವು ಮೆಲ್ಲಮೆಲ್ಲನೆ ಜಾರುವುದು. ಇದಕ್ಕೆ ಪ್ರತಿಯಾಗಿ, ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರುವುವು. 1967ರಿಂದ ಸೆಕೆಂಡಿನ ಲಕ್ಷಣವೇ ಸೀಸಿಯಂ ಪರಮಾಣುವಿನ 919,26,31,770 ಕಂಪನಗಳೆಂದು ನಿಶ್ಚಯವಾಗಿದೆ. ಉಪಗ್ರಹದ ಸಂಕೇತವು ನೆಲವನ್ನು ಮುಟ್ಟುವಷ್ಟರಲ್ಲಿ ವಾಯುಮಂಡಲದ ವ್ಯತ್ಯಾಸಗಳಿಂದ ಕ್ಷಣಕ್ಷಣಕ್ಕೂ ಅತ್ತಿತ್ತ ತೊನೆದಾಡುವುದು; ಆದರೂ ದೀರ್ಘಕಾಲದ ಸರಾಸರಿಯಲ್ಲಿ ಅದು ಜಾರುವುದಿಲ್ಲ. ಒಂದು ಅಲ್ಪಕಾಲದಲ್ಲಿ ದೃಢ, ಮತ್ತೊಂದು ದೀರ್ಘಕಾಲದಲ್ಲಿ ದೃಢ. ಎರಡನ್ನೂ ಜೋಡಿಸಿದುದೇ ಈ ಆಂದೋಲಕ.

ಇದರ ಕ್ರಮವು ಭಾಸ್ಕರನು ಹೇಳಿದುದಕ್ಕಿಂತ ಮೂಲತಃ ಬೇರೆಯಲ್ಲ. ಉಪಗ್ರಹದ ಗ್ರಾಹಕವು ಸೆಕೆಂಡಿಗೊಮ್ಮೆ ಒಂದು ಮಿಡಿತವನ್ನು ಕೊಡುವುದು. ಸ್ಫಟಿಕದ ಒಂದು ಕೋಟಿ ಕಂಪನಗಳನ್ನು ಎಣಿಸಿ ಮತ್ತೊಂದು ಮಿಡಿತವನ್ನು ಮಾಡಲಾಗುವುದು. ಇವೆರಡರ ಅಂತರವನ್ನು ಬಹಳ ಹೊತ್ತು ಗಮನಿಸಿ, ಸ್ಫಟಿಕಕ್ಕೆ ಕೊಡುವ ವಿದ್ಯುತ್ತಿನ ಒತ್ತಡವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಲಾಗುವುದು. ಭಾಸ್ಕರನು ದೋಷವನ್ನು ಲೆಕ್ಕದಲ್ಲಿ ಕಳೆದನು. ಇಲ್ಲಿ ಯಂತ್ರವು ತನ್ನ ದೋಷವನ್ನು ತಾನೇ ತಿದ್ದಿಕೊಳ್ಳುವುದು. ಇಂಗ್ಲಿಷಿನಲ್ಲಿ ಇಂತಹ ಆಂದೋಲಕಕ್ಕೆ ಶಿಸ್ತಿಗೆ ಒಳಪಟ್ಟುದು ಎಂಬರ್ಥದ ಹೆಸರುಂಟು. ಕನ್ನಡದಲ್ಲಿ 'ಶಿಕ್ಷಿತ' ಎಂಬುದು ಯುಕ್ತವಾದ ಪದ. ಏಕೆಂದರೆ ಶಿಕ್ಷೆ ಎಂಬುದರ ಮೂಲಾರ್ಥವು ದಂಡನೆಯಲ್ಲ, ಕಲಿಕೆ. ಚೆನ್ನಾಗಿ ಶಿಕ್ಷಿತವಾದ ಸ್ಫಟಿಕದ ದೋಷವು ಒಂದು ದಿನದ ಸರಾಸರಿಯಲ್ಲಿ ಲಕ್ಷಕೋಟಿಗೆ ಒಂದು ಪಾಲಿನ ಹತ್ತಿರಕ್ಕೆ ಇಳಿಯಬಲ್ಲುದು. ಆ ಪ್ರಮಾಣದಲ್ಲಿಯೇ ಉಳಿದರೆ ಒಂದು ಸೆಕೆಂಡು ತಪ್ಪುವುದಕ್ಕೆ 31,000 ವರ್ಷಕ್ಕಿಂತ ಹೆಚ್ಚು ಬೇಕು.

ಈ ಯಂತ್ರಗಳು ಹಳೆಯ ಸಾಮಾನಾದ ಬಗೆಯನ್ನು ಹೇಳಬೇಕು. ಸಿ.ಡಿ.ಎಂ.ಎ. ಎಂಬ ಪದ್ಧತಿಯ ಸಂಚಾರಿ ದೂರವಾಣಿಯಲ್ಲಿ ಗೋಪುರಗಳೆಲ್ಲವೂ ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳ ಅಂತರದೊಳಗೆ ಒಂದೇ ಕಾಲವನ್ನು ಅನುಸರಿಸಬೇಕಾಗಿದ್ದಿತು. ಅದಕ್ಕಾಗಿಯೇ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಝಡ್3801ಎ ಮೊದಲಾದ ಸಾಧನಗಳು ಹುಟ್ಟಿದುವು. ಪದ್ಧತಿಯು ಹಳತಾಗಿ ಗೋಪುರಗಳ ಸಲಕರಣೆ ಬದಲಾದಾಗ ಇವು ಗುಜರಿಗೆ ಬಿದ್ದುವು; ಭಾರತದಲ್ಲಿಯೂ ಆ ಪದ್ಧತಿಯ ಸೇವೆಯು 2010ರ ದಶಕದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಯಿತು. ಹವ್ಯಾಸಿ ರೇಡಿಯೋಗಾರರೂ ಅಳತೆಯ ಉಪಕರಣಗಳನ್ನು ಪರೀಕ್ಷಿಸುವವರೂ ಇವನ್ನು ಅಲ್ಪಬೆಲೆಗೆ ಕೊಂಡು, ತಮ್ಮ ಉಪಕರಣಗಳಿಗೆಲ್ಲ ಶ್ರುತಿಯಾಗಿ ಇಟ್ಟುಕೊಂಡರು. ಸಂಗೀತಗೋಷ್ಠಿಯಲ್ಲಿ ತಂಬೂರಿಗೆ ಇರುವ ಸ್ಥಾನವೇ ಇಲ್ಲಿ ಇದಕ್ಕೆ ಇರುವುದು.

ಶಾಸನಜ್ಞರಿಗೆ ಕುತೂಹಲಕರವಾದ ಒಂದು ಸಂಗತಿ ಇಲ್ಲಿ ಉಂಟು. ಜಿ.ಪಿ.ಎಸ್. ಕಾಲವು 1980ರ ಜನವರಿ 6ರಿಂದ ವಾರಗಳನ್ನು ಎಣಿಸುವುದು. ಆದರೆ ಮೂಲಸಂಕೇತದಲ್ಲಿ ಎಣಿಕೆಗೆ ಇರುವ ಸ್ಥಳವು 1024 ವಾರಗಳಿಗೆ ಮಾತ್ರ ಸಾಲುವುದು. ಆ ಬಳಿಕ ಮತ್ತೆ ಸೊನ್ನೆಯಿಂದ ಆರಂಭ; 1999ರ ಆಗಸ್ಟಿನಲ್ಲಿಯೂ 2019ರ ಏಪ್ರಿಲಿನಲ್ಲಿಯೂ ಹೀಗಾಯಿತು. ಈಗ ಎಷ್ಟನೆಯ ಆವೃತ್ತಿಯೆಂಬುದನ್ನು ಗ್ರಾಹಕವೇ ಊಹಿಸಿಕೊಳ್ಳಬೇಕು. ಟ್ರಿಂಬಲ್ ಸಂಸ್ಥೆಯ ಥಂಡರ್‌ಬೋಲ್ಟ್ ಎಂಬ ಆಂದೋಲಕದಲ್ಲಿ ಆ ಊಹೆಯ ಅವಧಿಯು 2017ರ ಜುಲೈ 30ರಂದು ಮುಗಿಯಿತು. ಅಂದು ಅದು 1997ರ ಡಿಸೆಂಬರ್ 14 ಎಂದು ತೋರಿಸಿತು. ಎರಡೂ ಭಾನುವಾರಗಳೇ. ಆವರ್ತನದಲ್ಲಿ ದೋಷವಿಲ್ಲ, ಸೆಕೆಂಡಿನ ಮಿಡಿತದಲ್ಲಿ ದೋಷವಿಲ್ಲ, ವಾರದಲ್ಲಿಯೂ ದೋಷವಿಲ್ಲ. ವರ್ಷದಲ್ಲಿ ಮಾತ್ರ ಹತ್ತೊಂಬತ್ತಕ್ಕೂ ಹೆಚ್ಚಿನ ತಪ್ಪು. ಶಕವರ್ಷವನ್ನು ಬಿಟ್ಟು ಪ್ರಮೋದ ಸಂವತ್ಸರವೆಂದಷ್ಟೇ ಹೇಳುವ ಶಾಸನವು 1090ರದೋ 1150ರದೋ 1210ರದೋ ಎಂಬ ಸಂದೇಹಕ್ಕೂ ಇದಕ್ಕೂ ಭೇದವಿಲ್ಲ. ಶಾಸನದಲ್ಲಿ ತಿಥಿವಾರಗಳ ಹೊಂದಾಣಿಕೆಯಿಂದ ಒಮ್ಮೊಮ್ಮೆ ನಿರ್ಣಯ ದೊರೆಯುವುದು. ಯಂತ್ರದಲ್ಲಿ ತಪ್ಪಿದುದು ಪೂರ್ಣವಾರಗಳೇ ಆದುದರಿಂದ ಆ ಸಹಾಯವೂ ಇಲ್ಲ. ಅರಸನ ಹೆಸರಿನಿಂದ ಶಾಸನದ ಕಾಲವನ್ನು ಗೊತ್ತುಮಾಡುವಂತೆ, ಇಲ್ಲಿಯೂ ಹೊರಗಿನ ಸಾಕ್ಷ್ಯದಿಂದಲೇ ವರ್ಷವನ್ನು ತಿದ್ದಬೇಕಾಯಿತು. ಶಿಷ್ಯನಿಗೆ ಗುರುವು ಕಲಿಸಿದುದು ಸ್ಥಿರವಾಗಿ ನಿಂತಿತು. ಕಲಿಸದೆ ಬಿಟ್ಟುದು ತಪ್ಪಿತು.

ಗುರುವಿನ ಪ್ರಾಮಾಣ್ಯವನ್ನೂ ಪರೀಕ್ಷಿಸಬೇಕಾಗಿದೆ. ಜಿ.ಪಿ.ಎಸ್. ಅಮೆರಿಕದ ಸೇನೆಯ ಆಡಳಿತಕ್ಕೆ ಒಳಪಟ್ಟುದು. 2000ನೆಯ ಇಸವಿ ಮೇ ತಿಂಗಳ ಆರಂಭದವರೆಗೆ ಇತರರಿಗೆ ದೊರೆಯುವ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿಯೇ ದೋಷವನ್ನು ಬೆರಸಲಾಗುತ್ತಿದ್ದಿತು. 2016ರ ಜನವರಿ 26ರಂದು, ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆದಾಗ ನಡೆದ ಪ್ರಮಾದದಿಂದ, ವಿಶ್ವಕಾಲಕ್ಕೆ ಹೊಂದಿಸುವ ಸಂಖ್ಯೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ 13.7 ಭಾಗದಷ್ಟು ತಪ್ಪು ಸೇರಿ ಹಲವು ದೇಶಗಳ ಯಂತ್ರಗಳು ಗಲಿಬಿಲಿಗೊಂಡುವು. ಗುರುವು ಮೌನವಾದರೆ ಶಿಕ್ಷಿತ ಸ್ಫಟಿಕವು ಕಲಿತುದನ್ನು ನೆನೆದು ಕೆಲವು ಹೊತ್ತು ನಡೆಯಬಲ್ಲುದು. ಗುರುವೇ ತಪ್ಪು ಹೇಳಿದರೆ ತಪ್ಪನ್ನೇ ಕಲಿಯುವುದು. ಈ ಪರಾಧೀನತೆಯಿಂದ ಬಿಡುಗಡೆ ಹೊಂದುವ ಪ್ರಯತ್ನದಲ್ಲಿ ಕನ್ನಡನಾಡಿಗೆ ದೊಡ್ಡ ಪಾಲುಂಟು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 2013ರ ಮೇ 28ರಂದು ಇಸ್ರೊ ಸಂಸ್ಥೆಯ ನೌಕಾಯಾನ ಕೇಂದ್ರವು ಆರಂಭವಾಯಿತು. ಭಾರತದ ನಾವಿಕ್ ಉಪಗ್ರಹಗಳಿಗೆ ಬೇಕಾದ ಕಾಲವನ್ನು ಅಲ್ಲಿನ ಪರಮಾಣು ಗಡಿಯಾರಗಳ ಸಮೂಹವು ಕಾಯುವುದು. ಆದರೆ 2013ರ ಜುಲೈ 1ರಂದು ಹಾರಿಸಿದ ಮೊದಲ ಉಪಗ್ರಹದಲ್ಲಿದ್ದ, ವಿದೇಶದಿಂದ ತರಿಸಿದ ಮೂರು ರುಬಿಡಿಯಂ ಗಡಿಯಾರಗಳೂ ಕೆಟ್ಟುವು. ಉಪಗ್ರಹವು ಸ್ವದೇಶದ್ದು, ಅದರ ಹೃದಯವು ಪರದೇಶದ್ದು ಎಂಬ ಸ್ಥಿತಿಯ ಫಲವಿದು. 2023ರ ಮೇ 29ರಂದು ಏರಿದ ಎನ್.ವಿ.ಎಸ್.-01 ಉಪಗ್ರಹದಲ್ಲಿಯೇ ಮೊದಲ ಬಾರಿಗೆ ಸ್ವದೇಶದಲ್ಲಿ ನಿರ್ಮಿತವಾದ ರುಬಿಡಿಯಂ ಗಡಿಯಾರವು ಆಕಾಶವನ್ನು ಸೇರಿತು. 2025ರ ಜನವರಿ 29ರಂದು ಹಾರಿಸಿದ ಎನ್.ವಿ.ಎಸ್.-02 ತನ್ನ ನಿಯತ ಕಕ್ಷೆಯನ್ನು ಸೇರಲಾರದೆ ಹೋದುದರಿಂದ ಈ ಸಾಧನೆಯು ಇನ್ನೂ ಪೂರ್ಣವಾಗಿಲ್ಲವೆಂಬುದೂ ತಿಳಿಯತಕ್ಕದ್ದು.

ತುಮಕೂರಿನ ಜನರಿಗೆ ಗಡಿಯಾರವು ಹೊಸದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ. ಸಂಸ್ಥೆಯು ತರುವಾಯ ತುಮಕೂರಿನಲ್ಲಿಯೂ ಕಾರ್ಖಾನೆಯನ್ನು ಸ್ಥಾಪಿಸಿತು. ಕೈಗಡಿಯಾರದ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆಯಿತ್ತಿತು. ಆ ಬಳಿಕ ಕಾರ್ಖಾನೆಯ ನೆಲವು ಇಸ್ರೊ ಸಂಸ್ಥೆಗೆ ಸೇರಿತು. ಮಣಿಕಟ್ಟಿನ ಗಡಿಯಾರವನ್ನು ಮಾಡುತ್ತಿದ್ದ ನೆಲವು ಗಗನದ ಗಡಿಯಾರವನ್ನು ಸಾಗಿಸುವವರ ವಶವಾದುದು ಕಾಲಮಾಪನದ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ.

ಮೇಲಿನ ವಿಚಾರದಿಂದ ತಿಳಿಯುವುದಿಷ್ಟು. ನಿಖರತೆಯು ಬಟ್ಟಲಿನ ತಾಮ್ರದಲ್ಲಾಗಲಿ ಸ್ಫಟಿಕದ ಒಡಲಿನಲ್ಲಾಗಲಿ ಇರುವ ಗುಣವಲ್ಲ. ತನಗಿಂತ ಸ್ಥಿರವಾದುದರೊಡನೆ ಎಡೆಬಿಡದೆ ನಡೆಸುವ ಹೋಲಿಕೆಯ ಫಲ. ಸೂರ್ಯನನ್ನು ಪರಮಾಣುವು ತಿದ್ದಿತು. ಪರಮಾಣು ಗಡಿಯಾರಗಳನ್ನೂ ಒಂದನ್ನೊಂದರಿಂದ ತಿದ್ದಬೇಕಾಗಿದೆ. ನಿಟ್ಟೂರಿನ ಬಸದಿಯ ಅಂಗಳದಲ್ಲಿ ಇಂದು ಒಂದು ಶಂಕುವನ್ನು ನೆಟ್ಟು, ಅದರ ಪಕ್ಕದಲ್ಲಿ ಶಿಕ್ಷಿತ ಸ್ಫಟಿಕವೊಂದನ್ನು ಇಟ್ಟರೆ, ನೆರಳು ಗಿಡ್ಡಗಾಗುವ ಕ್ಷಣವೂ ಸ್ಫಟಿಕವು ಹೇಳುವ ಕ್ಷಣವೂ ಹೊಂದುವುದಿಲ್ಲ. ಆ ಅಂತರವನ್ನು ಎಣಿಸಿ ಬರೆದಿಡುವವನು ಭಾಸ್ಕರನ ಮಾರ್ಗದಲ್ಲಿಯೇ ನಡೆಯುವನು.